ಬಲಕ್ಕೆ ತಿರುಗುವ ಹುಳಿ

ಆಯುಧಪೂಜೆಗೆ ಪಾತ್ರೆ ತೊಳೆಯುವುದು ತಪ್ಪೇ? ಹಲಸೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ತೊಳೆಯದಿದ್ದರೆ ತಪ್ಪು ಅಂತಲೇ ಹೇಳುತ್ತಾರೆ. ಅದಕ್ಕೇ ಅಂಜನಮೂರ್ತಿಯವರು ಹಬ್ಬದ ಹಿಂದಿನ ದಿನ ಪಂಚೆ ಎತ್ತಿ ಕಟ್ಟಿ, ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿದ್ದ ತಮ್ಮ ಔಷಧದ ಕಾರ್ಖಾನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಸಿದರು. ತಕ್ಕಡಿ, ಒರಳು, ಜರಡಿ, ಹಂಡೆ, ಬಾಗಿಲ ಚಿಲಕ, ಒಂದನ್ನೂ ಬಿಡಲಿಲ್ಲ. ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯೊಳಗೆ ಒಂದು ಗಾಜಿನ ಜಾಡಿ ಸಿಕ್ಕಿತು. ತಳದಲ್ಲಿ ಏನೋ ಬೆಳ್ಳಗೆ ಕೊಳೆತ ಹಾಗಿತ್ತು. "ಥೂ, ಹಬ್ಬದ ಹೊತ್ತಲ್ಲಿ ಇದೆಂಥದ್ದು!" ಎಂದು ಅದನ್ನು ತಾವೇ ಕೈಯಾರೆ ಮೋರಿಗೆ ಸುರಿದು, ಕುದಿಯುವ ನೀರಿನಲ್ಲಿ ತೊಳೆದು ಬೋರಲು ಹಾಕಿದರು. ಮೂರು ಗೆರೆ ವಿಭೂತಿ ಎಳೆದು ಮೇಲೊಂದು ಚೆಂಡುಹೂವನ್ನೂ ಇಟ್ಟರು.

ಮಾರನೆಯ ದಿನ ಪೂಜೆಗೆ ಬಂದ ಯಶೋದಮ್ಮ ಆ ಜಾಡಿಯನ್ನು ನೋಡಿ ನಿಂತಲ್ಲೇ ನಿಂತುಬಿಟ್ಟಳು.

"ಏನಮ್ಮ, ಪಳಪಳ ಅಂತಿದೆ ಅಲ್ವಾ?" ಎಂದರು ಅಂಜನಮೂರ್ತಿ, ಹೆಮ್ಮೆಯಿಂದ.

"ಸಾರ್, ಅದು ನಮ್ಮ ಹೆಪ್ಪಿನ ಜಾಡಿ."

"ಹೆಪ್ಪಾ? ಅದಕ್ಯಾಕೆ ಮುಖ ಹಿಂಗ್ ಮಾಡ್ಕೊಂಡಿದ್ದೀಯ? ನಮ್ಮನೇಲಿ ಕೇಳಿದ್ರೆ ಪಾವುಗಟ್ಲೆ ಕೊಡ್ತಾರೆ."

ಆ ಪುಣ್ಯಾತ್ಮರಿಗೆ ಹೇಳುವುದಾದರೂ ಹೇಗೆ! ಜಾಡಿಯಲ್ಲಿದ್ದದ್ದು ಮೊಸರಿನ ಹೆಪ್ಪಲ್ಲ. ಯುದ್ಧ ಶುರುವಾಗುವ ಮೊದಲು ಹಡಗಿನಲ್ಲಿ ಬಂದಿದ್ದ ಒಂದು ಜಾತಿಯ ಸೂಕ್ಷ್ಮಜೀವಿ. ಬೆಲ್ಲದ ನೀರಿಗೆ ಒಂದಿಷ್ಟು ಸೀಮೆಸುಣ್ಣ ಬೆರೆಸಿ ಇದನ್ನು ಬಿಟ್ಟರೆ, ಬೆಲ್ಲವನ್ನು ತಿಂದು ಲ್ಯಾಕ್ಟಿಕ್ ಆಸಿಡ್ ಎನ್ನುವ ಹುಳಿ ಮಾಡುತ್ತಿತ್ತು. ಹುಳಿ ಮಾಡುವ ಜೀವಿಗಳಿಗೇನು ಬರ, ಹಳಸಿದ ಅನ್ನದಲ್ಲೂ ಸಿಗುತ್ತವೆ. ಆದರೆ ಈ ಹುಳಿಯಲ್ಲಿ ಎರಡು ಬಗೆ. ಬಣ್ಣ ಒಂದೇ, ರುಚಿ ಒಂದೇ, ತೂಕ ಒಂದೇ. ಎಡಗಾಲಿನ ಚಪ್ಪಲಿ ಬಲಗಾಲಿನ ಚಪ್ಪಲಿ ಇದ್ದ ಹಾಗೆ, ಅಷ್ಟೇ ವ್ಯತ್ಯಾಸ. ಒಂದು ಬಗೆ ತನ್ನೊಳಗೆ ಹಾಯುವ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಇನ್ನೊಂದು ಎಡಕ್ಕೆ. ಮನುಷ್ಯರ ಮೈಯಲ್ಲಿ ಹುಟ್ಟುವುದು ಬಲದ್ದು. ಸೂಜಿಮದ್ದಿಗೆ ಅದೇ ಬೇಕು, ಬೇರೆಯದು ಬೆರೆತಿರಬಾರದು ಎಂದು ದಂಡು ಪ್ರದೇಶದ ಮಿಲಿಟರಿ ಆಸ್ಪತ್ರೆಯವರು ಹೇಳಿದ್ದರು. ಹೋದ ವರ್ಷ, ಅಂದರೆ ನಲವತ್ತೆರಡರಲ್ಲಿ, ಆ ಕೆಲಸ ನೋಡಿಕೊಳ್ಳುತ್ತಿದ್ದ ಅಮೀರ್ ಸಾಹೇಬರು ಮಿಲಿಟರಿಗೇ ಸೇರಿ ಎಲ್ಲಿಗೋ ಹೋದರು. ಗಂಡಸರು ಯಾರೂ ಸಿಗದೆ ಅಂಜನಮೂರ್ತಿಯವರು, ಸೈನ್ಸ್ ಓದಿ ಮನೆಯಲ್ಲಿ ಕೂತಿದ್ದ ಯಶೋದಮ್ಮನನ್ನು ಕರೆದಿದ್ದರು.

ವಿಷಯವೆಲ್ಲ ಅರ್ಥವಾದ ಮೇಲೆ ಅಂಜನಮೂರ್ತಿಯವರ ಮುಖ ಸಪ್ಪಗಾಯಿತು. ತಪ್ಪು ತಮ್ಮದೇ. ಆದರೆ ಯಜಮಾನರು ಎನಿಸಿಕೊಂಡವರು ತಪ್ಪು ಒಪ್ಪಿಕೊಂಡದ್ದನ್ನು ಯಾರಾದರೂ ನೋಡಿದ್ದೀರಾ? ಅವರು ರೇಗಿದರು.

"ಕಾರ್ತೀಕ ಮುಗಿಯೋದ್ರೊಳಗೆ ಆಸ್ಪತ್ರೆಗೆ ಸ್ಯಾಂಪಲ್ ಕಳಿಸ್ಬೇಕು. ಬಲಕ್ಕೆ ತಿರುಗೋ ಹುಳಿ ಎಲ್ಲಿಂದಾದ್ರೂ ಹುಟ್ಟಿಸಮ್ಮ. ಆಗ್ದಿದ್ರೆ ಈ ಸಹವಾಸವೇ ಬೇಡ, ಹಲ್ಲುಪುಡಿ ಮಾಡ್ಕೊಂಡಿರೋಣ. ಆ ದುರ್ಬೀನನ್ನ ಸಕ್ಕರೆ ಕಾರ್ಖಾನೆಯವರು ಕೇಳ್ತಾನೇ ಇದ್ದಾರೆ, ಕೊಟ್ಬಿಡ್ತೀನಿ."

ಅವರು ದುರ್ಬೀನು ಎಂದದ್ದು ಬೆಳಕು ಎತ್ತ ತಿರುಗಿತೆಂದು ನೋಡುವ ಉಪಕರಣವನ್ನು. ಹಲ್ಲುಪುಡಿ ಅರೆಯಲು ಯಶೋದಮ್ಮ ಬೇಕಿಲ್ಲ. ಉಪಕರಣ ಹೋದರೆ ಅವಳೂ ಮನೆಗೆ ಹೋಗಬೇಕು. ಹೊಲಿಗೆ ಕ್ಲಾಸಿನ ಟೀಚರಮ್ಮನಾಗು ಎಂದು ಅಪ್ಪ ಬೈಲಪ್ಪ ಆಗಲೇ ಹೇಳುತ್ತಿದ್ದ. ಹೊಲಿಗೆ ಕೆಟ್ಟದ್ದೇನಲ್ಲ, ಪಾಪ. ಆದರೆ ಉಪಕರಣವಿದ್ದ ಆ ಕತ್ತಲೆ ಕೋಣೆ ಅವಳಿಗೆ ಹುಚ್ಚು ಹಿಡಿಸಿತ್ತು. ಹಗಲಲ್ಲೂ ಕಪ್ಪು ಪರದೆ ಎಳೆದು, ಉಪ್ಪು ಹಾಕಿದ ಸ್ಪಿರಿಟ್ ದೀಪ ಹಚ್ಚಿದರೆ ಹಳದಿ ಬೆಳಕು ಬರುತ್ತದೆ. ನೀರಿನಂತೆ ಕಾಣುವ ದ್ರವವನ್ನು ಗಾಜಿನ ಕೊಳವೆಗೆ ತುಂಬಿ, ಉಪಕರಣದೊಳಗಿಟ್ಟು ಕಣ್ಣು ಹಚ್ಚಿದರೆ ಒಂದು ದುಂಡನೆಯ ಬೆಳಕು. ಅದರ ಅರ್ಧ ತಿಳಿ, ಅರ್ಧ ಮಬ್ಬು. ಎರಡೂ ಅರ್ಧ ಒಂದೇ ಸಮ ಆಗುವವರೆಗೆ ಹಿತ್ತಾಳೆಯ ಚಕ್ರವನ್ನು ತಿರುಗಿಸಬೇಕು. ಚಕ್ರ ಎತ್ತ ತಿರುಗಿತೋ ಹುಳಿ ಆ ಕಡೆಯದು. ಕಣ್ಣಿಗೆ ಕಾಣದ ಚೂರುಗಳಿಗೆ ಎಡ ಬಲ ಇದೆ ಎನ್ನುವುದು, ಅದನ್ನು ತಾನು ಒಂದು ಚಕ್ರ ತಿರುಗಿಸಿ ತಿಳಿಯಬಹುದು ಎನ್ನುವುದು, ಅವಳಿಗೆ ಪ್ರತಿ ಸಲವೂ ಮೈ ಜುಮ್ಮೆನ್ನಿಸುತ್ತಿತ್ತು. ಇದನ್ನು ಬಿಟ್ಟು ಎಲ್ಲಿಗೆ ಹೋಗುವುದು?

ಸರಿ, ಬೇಟೆ ಶುರುವಾಯಿತು. ಬಟ್ಟೆ ಚೀಲದಲ್ಲಿ ಸಣ್ಣ ಸೀಸೆಗಳನ್ನು ತುಂಬಿಕೊಂಡು ಯಶೋದಮ್ಮ ಹುಳಿ ಎಲ್ಲೆಲ್ಲಿ ಹುಟ್ಟುತ್ತದೋ ಅಲ್ಲೆಲ್ಲ ಅಲೆದಳು. ಬೈಯಪ್ಪನಹಳ್ಳಿಯಲ್ಲಿ ಅಜ್ಜಿ ದೊಡ್ಡಮುನಿಯಮ್ಮ ಅವಳನ್ನು ನೋಡಿ ಬಾಯಿ ಬಡಿದುಕೊಂಡಳು. "ಅಂಬಲಿ ಕುಡಿಯೋಕೆ ಸೀಸೆ ತಂದವ್ಳೆ ನೋಡ್ರವ್ವ! ಲೋಟಕ್ಕೇನು ಬಂತೇ ರೋಗ?" ಆದರೂ ಹುಳಿ ಅಂಬಲಿ ಕೊಟ್ಟಳು, ದಾರಿಗೆ ಮುದ್ದೆಯನ್ನೂ ಕಟ್ಟಿಕೊಟ್ಟಳು. ಶಿವಾಜಿನಗರದ ಬೇಕರಿಯ ಅಕ್ತರ್, ಹುಳಿ ಬಂದ ಹಿಟ್ಟು ಕೇಳಿದ್ದಕ್ಕೆ, ಈಕೆ ಪಕ್ಕದಲ್ಲೇ ಅಂಗಡಿ ತೆರೆಯುತ್ತಾಳೇನೋ ಎಂದು ಅನುಮಾನಪಟ್ಟು, ಕೊನೆಗೆ ಅಡಿಕೆಯಷ್ಟು ಚಿವುಟಿ ಕೊಟ್ಟ. ತಂಗಳನ್ನದ ನೀರು, ಹೆಂಡ, ಮಜ್ಜಿಗೆ ಎಲ್ಲ ಆಯಿತು. ಸುದ್ದಿ ಕೇಳಿದ ಅಂಜನಮೂರ್ತಿಯವರ ಹೆಂಡತಿ ಮುನಿಲಕ್ಷ್ಮಮ್ಮ ಉಬ್ಬಿದ ದೋಸೆ ಹಿಟ್ಟನ್ನು ಒಂದು ಬಟ್ಟಲು ಕಳಿಸಿದರು.

ಫ್ರೇಜರ್ ಟೌನಿನ ಆಚೆ, ಚರ್ಮ ಹದ ಮಾಡುವ ಅಹ್ಮದ್ ಪಾಷಾ ಅವರಲ್ಲಿಗೂ ಹೋದಳು. ಅಲ್ಲಿ ತೊಗಲಿಗೆ ಹಿಡಿದ ಸುಣ್ಣ ಬಿಡಿಸಲು ತವುಡನ್ನು ನೀರಿನಲ್ಲಿ ಹುಳಿಸುತ್ತಾರೆ ಎಂದು ಎಲ್ಲೋ ಓದಿದ್ದಳು. ಬೀದಿ ತಿರುಗುತ್ತಿದ್ದಂತೆಯೇ ವಾಸನೆ ಮೂಗಿಗೆ ಹೊಡೆಯಿತು.

"ಆವೋ ಬೇಟಿ. ಮೂಗು ಮುಚ್ಕೊಂಡೇ ಬನ್ನಿ, ನಮಗೇನೂ ಬೇಜಾರಿಲ್ಲ," ಎಂದರು ಪಾಷಾ ಸಾಹೇಬರು ನಗುತ್ತಾ. ಬಿಳಿ ಗಡ್ಡ, ಮೊಣಕೈವರೆಗೆ ಮಡಿಸಿದ ತೋಳು. ಕಲ್ಲಿನ ತೊಟ್ಟಿಯಲ್ಲಿ ತವುಡಿನ ನೀರು ಬುಳುಬುಳು ಎನ್ನುತ್ತಿತ್ತು.

"ಈ ತೊಟ್ಟೀನ ಯಾವಾಗ ತೊಳೀತೀರಿ?"

"ತೊಳೆಯೋದಾ! ಅರೇ, ನಮ್ಮ ದಾದಾ, ಅದೇ ತಾತನ ಕಾಲದಿಂದ ತೊಳೆದಿಲ್ಲಮ್ಮ. ಹಳೇದು ಒಂದಿಷ್ಟು ತಳದಲ್ಲಿ ಬಿಟ್ಟು, ಮೇಲೆ ಹೊಸ ತವುಡು ಹಾಕೋದು. ತೊಳೆದ್ರೆ ಆಮೇಲೆ ಚಮಡಾ ನಮ್ಮ ಮಾತು ಕೇಳಲ್ಲ."

ಯಶೋದಮ್ಮನಿಗೆ ನಗು ತಡೆಯಲಾಗಲಿಲ್ಲ. ತನ್ನ ಯಜಮಾನರನ್ನು ಹಬ್ಬದ ಹಿಂದಿನ ದಿನ ಅಪ್ಪಿತಪ್ಪಿಯೂ ಈ ಕಡೆ ಬಿಡಬಾರದು ಎಂದುಕೊಂಡಳು.

ತಂದದ್ದನ್ನೆಲ್ಲ ಲ್ಯಾಬಿನಲ್ಲಿ ಒಂದೊಂದಾಗಿ ಬಿಡಿಸಿದಳು. ಒಂದು ತೊಟ್ಟು ತೆಗೆದು ಗಟ್ಟಿ ಲೋಳೆಯ ಮೇಲೆ ಗೆರೆ ಎಳೆದರೆ ಕೆಲವು ದಿನಗಳಲ್ಲಿ ಸಾಸಿವೆಯಂಥ ಚುಕ್ಕಿಗಳು ಏಳುತ್ತವೆ. ಒಂದು ಚುಕ್ಕಿ ಎಂದರೆ ಒಂದೇ ಜೀವಿಯ ಸಂಸಾರ. ಆ ಚುಕ್ಕಿಯನ್ನು ಸೂಜಿಯಲ್ಲಿ ಎತ್ತಿ ಬೆಲ್ಲ ಸುಣ್ಣದ ನೀರಿಗೆ ಬಿಟ್ಟಳು. ಹುಟ್ಟಿದ ಹುಳಿ ಹುಟ್ಟಿದಂತೆಯೇ ಸುಣ್ಣದ ಜೊತೆ ಸೇರಿ ಉಪ್ಪಾಗುತ್ತದೆ. ಆ ನೀರನ್ನು ಹಾಗೇ ನೋಡುವಂತಿಲ್ಲ, ಉಳಿದ ಬೆಲ್ಲವೂ ಬೆಳಕನ್ನು ತಿರುಗಿಸಿ ಮೋಸ ಮಾಡುತ್ತದೆ. ಹಾಗಾಗಿ ಕಾಯಿಸಿ, ಸೋಸಿ, ಆ ಉಪ್ಪನ್ನು ಬಿಳಿಯ ಹರಳು ಕಟ್ಟಿಸಿ, ಹರಳನ್ನು ಮತ್ತೆ ನೀರಿನಲ್ಲಿ ಕರಗಿಸಿ ಕೊಳವೆಗೆ ತುಂಬಿದಳು.

ಅಜ್ಜಿಯ ಅಂಬಲಿ ಅತ್ತ ಇಲ್ಲ, ಇತ್ತ ಇಲ್ಲ. ಎಡ ಬಲ ಎರಡನ್ನೂ ಸಮಸಮ ಹುಟ್ಟಿಸುವ ಜೀವಿ. ಅಕ್ತರನ ಹಿಟ್ಟಿನದೂ ಅದೇ ಕತೆ. ಹೆಂಡ ಅಂತೂ ಬೇರೇನೇನೋ ಮಾಡಿಕೊಂಡು ಕೂತಿತ್ತು. ಚೊಕ್ಕವಾಗಿ ಒಂದೇ ಕಡೆ ತಿರುಗಿಸಿದ್ದು ಎರಡು ಮಾತ್ರ. ಪಾಷಾ ಸಾಹೇಬರ ತೊಟ್ಟಿಯದ್ದು ಎಡಕ್ಕೆ. ಮುನಿಲಕ್ಷ್ಮಮ್ಮನವರ ದೋಸೆ ಹಿಟ್ಟಿನದ್ದು ಬಲಕ್ಕೆ!

ಯಶೋದಮ್ಮ ಪರದೆ ಸರಿಸಿ ಹೊರಗೋಡಿದಳು. ಅಂಜನಮೂರ್ತಿಯವರು ಸುದ್ದಿ ಕೇಳಿ ಮೊದಲು ದೇವರ ಪಟಕ್ಕೆ ಕೈಮುಗಿದರು, ಆಮೇಲೆ ಮೀಸೆ ತಿರುವಿದರು. "ನಮ್ಮನೇದಾ? ನಂಗೊತ್ತಿತ್ತು ಬಿಡು." ಆ ಸಂಜೆಯೊಳಗೆ ಹಲಸೂರಿನ ಬಜಾರಿಗೆಲ್ಲ ಗೊತ್ತಾಯಿತು. ಎಣ್ಣೆ ಅಂಗಡಿ, ಕ್ಷೌರದಂಗಡಿ, ಹೂವಿನವಳು, ಸೌದೆ ಡಿಪೋದ ಮುನಿಶಾಮಿ, ಯಾರನ್ನೂ ಬಿಡದೆ ನಿಲ್ಲಿಸಿ ಹೇಳಿದರು. "ಬಿಳೀ ಸೋಲ್ಜರ್‌ಗಳ ಮೈಗೆ ಹೋಗೋದು ನಮ್ಮನೆ ದೋಸೆ ಹಿಟ್ಟಪ್ಪಾ!" ಮುನಿಲಕ್ಷ್ಮಮ್ಮ ಹೊಸ ಸೀರೆ ಉಟ್ಟು ಕಾರ್ಖಾನೆಗೆ ಬಂದು, ದೋಸೆ ಹಿಟ್ಟಿನ ಸಂತಾನವನ್ನು ದೊಡ್ಡ ಪೀಪಾಯಿಯ ಬೆಲ್ಲದ ನೀರಿಗೆ ಬಿಡುವಾಗ ಅರಿಶಿನ ಕುಂಕುಮ ಹಚ್ಚಿ ಹೋದರು. ಪಾಷಾ ಸಾಹೇಬರ ಜೀವಿಯನ್ನು ಯಶೋದಮ್ಮ ಮೋರಿಗೆ ಚೆಲ್ಲಿದಳು. ಅದರ ಹರಳಿನ ಸೀಸೆ ಮಾತ್ರ ಬೇಡದ ಸೀಸೆಗಳ ಸಾಲಿನಲ್ಲಿ ಉಳಿಯಿತು.

ಪೀಪಾಯಿ ಹುಳಿತು, ಹರಳಾಯಿತು. ಉಳಿದದ್ದು ಕೊನೆಯ ಕೆಲಸ. ಆಸ್ಪತ್ರೆಗೆ ಬೇಕಾದ್ದು ಹರಳಲ್ಲ, ಸುಣ್ಣ ಬಿಡಿಸಿದ ಬರಿಯ ಹುಳಿ. ಅಮೀರ್ ಸಾಹೇಬರ ಕಾಲದಲ್ಲಿ ಇದನ್ನು ಅವರು ಬಿಟ್ಟು ಬೇರೆ ಯಾರೂ ಮಾಡಿದವರಲ್ಲ. ಅವರು ಹೋದ ಮೇಲೆ ಯಶೋದಮ್ಮ ಹೆಪ್ಪನ್ನು ಸಾಯದಂತೆ ಕಾಪಾಡಿಕೊಂಡಿದ್ದಳು, ಅಷ್ಟೇ. ಯಶೋದಮ್ಮ ಪುಸ್ತಕದಲ್ಲಿ ಹೇಳಿದಂತೆ ಹರಳಿನ ನೀರಿಗೆ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಟ್ಟಳು. ಸುಣ್ಣವೆಲ್ಲ ಬಿಳಿ ಪುಡಿಯಾಗಿ ತಳಕ್ಕಿಳಿಯಿತು. ಸೋಸಿದಳು. ಕಣ್ಣೀರಿನಷ್ಟು ತಿಳಿಯಾದ ಹುಳಿ. ಕಳಿಸುವ ಮೊದಲು ಒಂದು ಸಲ ನೋಡಿಬಿಡೋಣ ಎಂದು ಕೊಳವೆಗೆ ತುಂಬಿ ಕಣ್ಣು ಹಚ್ಚಿದಳು.

ಎಡಕ್ಕೆ!

ಇಲ್ಲ, ಹೇಗೆ ಸಾಧ್ಯ? ಕೊಳವೆಯನ್ನು ಹಿಂದುಮುಂದಾಗಿ ಇಟ್ಟಿರಬೇಕು ಎಂದು ತಿರುಗಿಸಿ ಇಟ್ಟಳು. ಪಾಪ, ಕೊಳವೆ ತಿರುಗಿಸಿದರೆ ಎಡವೆಲ್ಲಾದರೂ ಬಲವಾಗುತ್ತದೆಯೇ? ಮತ್ತೆ ಎಡಕ್ಕೆ. ಕೊಳವೆ ತೊಳೆದಳು, ಹೊಸದಾಗಿ ತುಂಬಿದಳು, ದೀಪಕ್ಕೆ ಇನ್ನಷ್ಟು ಉಪ್ಪು ಹಾಕಿದಳು. ಹರಳನ್ನು ನೀರಿನಲ್ಲಿ ಕರಗಿಸಿ ನೋಡಿದರೆ ಬಲಕ್ಕೆ, ಅದೇ ಹರಳಿನಿಂದ ಸುಣ್ಣ ತೆಗೆದರೆ ಎಡಕ್ಕೆ. ಹಾಳಾಯಿತು, ಎಲ್ಲ ಹಾಳಾಯಿತು ಎಂದುಕೊಂಡು ಸ್ಟೂಲಿನ ಮೇಲೆ ಕುಸಿದಳು. ಆದರೆ ನೋಡಿ, ಕುತೂಹಲ ಎನ್ನುವುದು ಎಂಥ ನಾಚಿಕೆಗೆಟ್ಟದ್ದು! ಕಣ್ಣಲ್ಲಿ ನೀರು ತುಂಬಿರುವಾಗಲೇ ತಲೆಯೊಳಗೆ ಒಂದು ಪ್ರಶ್ನೆ ಎದ್ದು ಕೂತಿತು. ಸುಣ್ಣ ಸೇರಿದಾಗ ಬಲದ್ದು, ಬಿಟ್ಟಾಗ ಎಡದ್ದು ಅಂತಾದರೆ, ಸುಣ್ಣ ಸೇರಿದಾಗ ಎಡಕ್ಕೆ ತಿರುಗಿಸಿದ ಆ ಇನ್ನೊಂದು ಏನಾಗಬೇಕು?

ಬೇಡದ ಸಾಲಿನಿಂದ ಪಾಷಾ ಸಾಹೇಬರ ಸೀಸೆಯನ್ನು ತೆಗೆದಳು. ಕರಗಿಸಿದಳು, ಸುಣ್ಣ ಇಳಿಸಿದಳು, ಸೋಸಿದಳು. ಚಕ್ರ ತಿರುಗಿಸಿದಳು. ದೊಡ್ಡ ತಿರುವೇನಲ್ಲ, ಕೂದಲೆಳೆಯಷ್ಟು. ಆದರೆ ಬಲಕ್ಕೆ. ಅನುಮಾನವೇ ಇಲ್ಲ, ಬಲಕ್ಕೆ! ಆ ಕತ್ತಲೆಯಲ್ಲಿ ಒಬ್ಬಳೇ ಜೋರಾಗಿ ನಕ್ಕುಬಿಟ್ಟಳು.

ನಗು ನಿಂತದ್ದು ಹೊರಗಿನಿಂದ ಯಜಮಾನರ ದನಿ ಕೇಳಿದಾಗ. ಅವರು ಯಾರಿಗೋ ದೋಸೆ ಹಿಟ್ಟಿನ ಕತೆ ಹೇಳುತ್ತಿದ್ದರು.

ಹೇಳದೆ ಇರಬಹುದಿತ್ತು. ದೋಸೆ ಹಿಟ್ಟಿನದ್ದನ್ನೇ ಕಳಿಸಿ, ಆಸ್ಪತ್ರೆಯವರು ಬೇಡವೆಂದಾಗ ನೋಡೋಣ ಎನ್ನಬಹುದಿತ್ತು. ಇಲ್ಲವೇ ತೊಟ್ಟಿಯದ್ದನ್ನು ತಂದು ದೋಸೆ ಹಿಟ್ಟಿನದ್ದೆಂದು ನಂಬಿಸಬಹುದಿತ್ತು. ಎರಡೂ ಅವಳ ಮನಸ್ಸಿಗೆ ಬಂದವು. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳದಿದ್ದ ಮೇಲೆ ಆ ಕೋಣೆಯಲ್ಲಿ ಕಣ್ಣು ಹಚ್ಚಿ ಕೂತು ಪ್ರಯೋಜನವೇನು? ಹೋಗಿ ಹೇಳಿಬಿಟ್ಟಳು.

ಅಂಜನಮೂರ್ತಿಯವರು ಕೆಂಡವಾದರು. "ತೊಗಲಿನ ತೊಟ್ಟಿದಾ? ನಮ್ಮನೆ ಹಿಟ್ಟು ಕೆಟ್ಟದ್ದು, ಆ ಗಬ್ಬು ನೀರು ಒಳ್ಳೇದು ಅಂತೀಯಾ? ಬಜಾರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕೋ ಬೇಡ್ವೋ ನಾನು? ಮೊನ್ನೆ ಬಲ ಅಂದೆ, ಇವತ್ತು ಎಡ ಅಂತೀಯ, ನಾಳೆ ಇನ್ನೇನಂತೀಯೋ! ಆ ದುರ್ಬೀನಿಗೇ ತಲೆ ಕೆಟ್ಟಿದೆ. ಬೇಡ, ಸಾಕು. ಕರೀರಿ ಆ ಚಿಕ್ಕಮುನಿಯಪ್ಪನ್ನ!"

ಸಕ್ಕರೆ ಕಾರ್ಖಾನೆಯ ಪರವಾಗಿ ವ್ಯಾಪಾರ ಕುದುರಿಸುತ್ತಿದ್ದ ಚಿಕ್ಕಮುನಿಯಪ್ಪ ಇದ್ದದ್ದು ಪಕ್ಕದ ಬೀದಿಯಲ್ಲೇ. ಉಪಕರಣ ಇಡಲೆಂದು ಹುಲ್ಲು ತುಂಬಿದ ಮರದ ಪೆಟ್ಟಿಗೆಯನ್ನು ಆಳಿನ ತಲೆ ಮೇಲೆ ಹೊರಿಸಿಕೊಂಡು ಬಂದು ಜಗಲಿಯಲ್ಲಿ ಕೂತೇಬಿಟ್ಟ. ಅತ್ತರೆ ಕೇಳುವವರಲ್ಲ ಯಜಮಾನರು, ಅದು ಯಶೋದಮ್ಮನಿಗೆ ಗೊತ್ತಿತ್ತು.

"ಕೊಡಿ ಸಾರ್, ನಿಮ್ಮದು, ನಿಮ್ಮಿಷ್ಟ. ಆದ್ರೆ ಕೊಡೋಕೆ ಮುಂಚೆ ಒಂದ್ಸಲ ನೀವೇ ನೋಡ್ಬಿಡಿ."

"ನಾನ್ಯಾಕೆ ನೋಡ್ಲಿ?"

"ಇಷ್ಟು ವರ್ಷ ಇಟ್ಕೊಂಡಿದ್ದೀರಿ. ಒಂದ್ಸಲಾನೂ ನೋಡಿಲ್ವಲ್ಲ."

ನಿಜ. ಆ ಕಪ್ಪು ಪರದೆಯ ಒಳಗೆ ಅಂಜನಮೂರ್ತಿಯವರು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಓದಿದವರ ಜಾಗ ಎಂದು ಒಳಗೊಳಗೇ ಅಳುಕು. ಈಗ ಚಿಕ್ಕಮುನಿಯಪ್ಪನೆದುರು ಅಳುಕು ತೋರಿಸುವುದಾದರೂ ಹೇಗೆ? ಪಂಚೆ ಸರಿಮಾಡಿಕೊಂಡು ಒಳಗೆ ಹೋದರು. ಯಶೋದಮ್ಮ ಎರಡು ಕೊಳವೆ ತುಂಬಿದಳು. ಯಾವುದು ಯಾರದ್ದೆಂದು ಹೇಳಲಿಲ್ಲ. ಚಕ್ರ ಹೇಗೆ ತಿರುಗಿಸಬೇಕೆಂದು ಮಾತ್ರ ತೋರಿಸಿದಳು.

ಅಂಜನಮೂರ್ತಿಯವರು ಮೊದಲು ಚಕ್ರವನ್ನು ಅತ್ತ ಇತ್ತ ಹೊರಳಿಸಿದರು. ಆಮೇಲೆ, "ಅಯ್ಯೋ, ಇದೇನಮ್ಮ ಇದು! ಒಂದು ಪಕ್ಕ ಕಪ್ಪಗಾಗ್ತಿದೆ... ಇಗೋ, ಈಗ ಎರಡೂ ಒಂದೇ ಸಮ ಆಯ್ತು!" ದನಿಯಲ್ಲಿ ಯಜಮಾನಿಕೆ ಎಲ್ಲಿ ಹೋಯಿತೋ. ಎರಡನೆಯ ಕೊಳವೆ ಇಟ್ಟಳು. ಮತ್ತೆ ತಿರುಗಿಸಿದರು. "ಇದು ಬಲಕ್ಕೆ! ಇದು ಬಲಕ್ಕೆ ಹೋಯ್ತಮ್ಮ! ಇದೇ ನಮ್ಮನೇದು. ನೋಡ್ದಾ, ನಾನು ಹೇಳ್ಲಿಲ್ವಾ?"

ಯಶೋದಮ್ಮನಿಗೆ ಸುಳ್ಳು ಹೇಳುವ ಆಸೆ ಇನ್ನೊಮ್ಮೆ ಬಂತು. ಅಷ್ಟು ಸಂತೋಷಪಟ್ಟಿದ್ದರು ಅವರು.

"ಅದು ಪಾಷಾ ಸಾಹೇಬ್ರದ್ದು ಸಾರ್."

ಅವರು ಕಣ್ಣು ತೆಗೆಯಲಿಲ್ಲ. ಕೊಳವೆಯನ್ನು ತಾವೇ ಹೊರಗೆಳೆದು, ಹಿಂದುಮುಂದು ಮಾಡಿ ಇಟ್ಟು ನೋಡಿದರು. ಮೊದಲಿನ ಕೊಳವೆಯನ್ನು ಇಟ್ಟು ನೋಡಿದರು. ಮತ್ತೆ ಎರಡನೆಯದು. ಮತ್ತೆ ಮೊದಲನೆಯದು. ಹಳದಿ ಬೆಳಕಿನಲ್ಲಿ ಅವರ ಬೊಕ್ಕತಲೆ ಬೆವೆತಿತ್ತು.

"ಸುಣ್ಣ ಇದ್ದಾಗ ಒಂದು ಕಡೆ, ಇಲ್ದಾಗ ಇನ್ನೊಂದು ಕಡೆ. ಯಾಕಮ್ಮ ಹಂಗೆ?"

"ಗೊತ್ತಿಲ್ಲ ಸಾರ್."

"ಇಷ್ಟು ಓದಿದ್ದೀಯ, ನಿಂಗೂ ಗೊತ್ತಿಲ್ವಾ?"

"ಹಂಗಾಗತ್ತೆ ಅಂತ ಇವತ್ತು ನೋಡ್ದೆ. ಯಾಕೆ ಅಂತ ತಿಳ್ಕೊಳ್ಳೋಕೆ ಇನ್ನೂ ಎಷ್ಟೋ ನೋಡ್ಬೇಕು."

ಅಂಜನಮೂರ್ತಿಯವರು ಮತ್ತೆ ಕಣ್ಣು ಹಚ್ಚಿದರು. ಹೊರಗಿನಿಂದ ಚಿಕ್ಕಮುನಿಯಪ್ಪ ಕೂಗಿದ. "ಯಜಮಾನ್ರೇ, ಪೆಟ್ಟಿಗೆ ಒಳಗೆ ತರ್ಲಾ?"

"ಎತ್ಕೊಂಡ್ ಹೋಗಯ್ಯಾ ನಿನ್ನ ಪೆಟ್ಟಿಗೇನ! ಇಲ್ಲಿ ಕೆಲ್ಸ ನಡೀತಿದೆ, ಕಾಣಲ್ವಾ?" ಎಂದು ಒಳಗಿನಿಂದಲೇ ಗದರಿಸಿದರು. ಕತ್ತಲೆ ಕೋಣೆಯೊಳಗಿನದು ಅವನಿಗೆ ಹೇಗೆ ಕಾಣಬೇಕು, ಪಾಪ! ಹುಲ್ಲಿನ ಪೆಟ್ಟಿಗೆ ಬಂದ ದಾರಿಯಲ್ಲೇ ವಾಪಸಾಯಿತು.

ಸೋಸಿಟ್ಟಿದ್ದ ಬಲದ ಹುಳಿಯನ್ನು ಸಣ್ಣ ಸೀಸೆಗೆ ಹಾಕಿ, ಅರಗು ಒತ್ತಿ, ಅವತ್ತೇ ಆಸ್ಪತ್ರೆಗೆ ಕಳಿಸಿದ್ದಾಯಿತು. ಮುಂದಿನ ಮಾಲಿಗೆ ತೊಟ್ಟಿಯ ಜೀವಿ ಮತ್ತೆ ಬೇಕು. ಯಶೋದಮ್ಮ ಚೀಲ ತೆಗೆದುಕೊಂಡಳು.

"ತಾಳಮ್ಮ, ನಾನೂ ಬರ್ತೀನಿ," ಎಂದರು ಅಂಜನಮೂರ್ತಿ. "ಸೀಸೆ ಬೇಡ. ದೊಡ್ಡ ಚೊಂಬು ತಗೋ."

ಆ ಕಡೆಯಿಂದ ಗಾಳಿ ಬೀಸಿದರೆ ಮೂಗಿಗೆ ಟವೆಲು ಹಿಡಿಯುತ್ತಿದ್ದ ಅಂಜನಮೂರ್ತಿಯವರು ಪಾಷಾ ಸಾಹೇಬರ ತೊಟ್ಟಿಯ ಅಂಚಿನಲ್ಲಿ ಬಗ್ಗಿ ನಿಂತು, ಬುಳುಬುಳು ಎನ್ನುವ ನೀರನ್ನು ಎಷ್ಟೋ ಹೊತ್ತು ನೋಡಿದರು. ಪಾಷಾ ಸಾಹೇಬರು ಚೊಂಬು ತುಂಬಿಸಿಕೊಟ್ಟು, "ಇದ್ರಲ್ಲಿ ಏನಿದೆ ಅಂತ ನಮಗೂ ಒಂದ್ಸಲ ತೋರಿಸಿ ಸಾಬ್," ಎಂದರು. "ನಾಳೇನೇ ಬನ್ನಿ, ನಾನೇ ತೋರಿಸ್ತೀನಿ," ಎಂದರು ಅಂಜನಮೂರ್ತಿ, ಆ ಕೋಣೆಯಲ್ಲೇ ಹುಟ್ಟಿ ಬೆಳೆದವರಂತೆ.

ಜಟಕಾ ಹಿಡಿದು ಬಂದು ಹಲಸೂರಿನ ಬಜಾರಿನ ಬಾಯಲ್ಲಿ ಇಳಿದರು. ಚೊಂಬು ಅವರ ಕೈಯಲ್ಲೇ ಇತ್ತು. ಯಶೋದಮ್ಮ ಕೇಳಿದರೂ ಕೊಡಲಿಲ್ಲ. ಸಂಜೆಯ ಜನ, ಎಲ್ಲ ಗುರುತಿನವರೇ. ಹೂವಿನವಳು ಮೂಗು ಮುಚ್ಚಿಕೊಂಡಳು. ಸೌದೆ ಡಿಪೋದ ಮುನಿಶಾಮಿ ದೂರದಿಂದಲೇ ಕೂಗಿದ.

"ಏನ್ ಯಜಮಾನ್ರೇ, ಚೊಂಬಲ್ಲಿ ದೋಸೆ ಹಿಟ್ಟಾ?"

ಒಂದು ಹೂಂ ಅಂದರೆ ಸಾಕಿತ್ತು, ಮರ್ಯಾದೆ ಉಳಿಯುತ್ತಿತ್ತು. ಅಂಜನಮೂರ್ತಿಯವರು ನಡುಬೀದಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು.

"ಅಲ್ಲಪ್ಪಾ. ಪಾಷಾ ಸಾಹೇಬ್ರ ತೊಗಲು ತೊಟ್ಟಿ ನೀರು. ನಮ್ಮನೆ ಹಿಟ್ಟು ಎಡಕ್ಕೆ ಹೋಯ್ತು. ನಾನೇ ಕಣ್ಣಾರೆ ನೋಡ್ದೆ."